ಮೊಣಕಾಲು ಒಪ್ಪಿದ ವಿದ್ಯೆ

ಐವತ್ತರ ಹತ್ತಿರ ಬಂದವರು ಮತ್ತೆ ಕರಾಟೆ ಕ್ಲಾಸಿಗೆ ಹೋಗುತ್ತೇನೆ ಎಂದರೆ ಎಲ್ಲರೂ ಕೊಡುವ ಸಲಹೆ ಒಂದೇ: ಬಿಟ್ಟಲ್ಲಿಂದಲೇ ಶುರು ಮಾಡಿ. ಕೇಳಲು ಹಿತವಾದ ಮಾತು. ಆದರೆ ನಾನು ಬಿಟ್ಟಿದ್ದು ಕಾಲೇಜು ಮುಗಿಯುವ ಹೊತ್ತಿಗೆ. ಆ ಮೈ ಈಗಿಲ್ಲ. ಆ ಮೈಗೆ ಒಗ್ಗಿದ್ದ ಶೈಲಿ ಈ ಮೈಗೂ ಒಗ್ಗೀತೆ? ಬಹಳ ದಿನ ಈ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಓಡಾಡಿದೆ. ಓಡಾಡಿದ ಆ ದಿನಗಳೇ ಒಂದು ಸುಖ ಕೊಟ್ಟವು ಎನ್ನಬೇಕು. ಊಟಕ್ಕಿಂತ ಮೊದಲಿನ ಹಸಿವಿಗೆ ಅದರದೇ ರುಚಿಯಿರುತ್ತದಲ್ಲ, ಹಾಗೆ.

ನಾನು ಕಲಿತದ್ದು ಶೋಟೋಕಾನ್. ಮೈಸೂರಿನಲ್ಲಿ ನಮ್ಮ ಓರಗೆಯ ಹುಡುಗರಲ್ಲಿ ಹೆಚ್ಚಿನವರು ಕಲಿತದ್ದು ಅದನ್ನೇ. 1973ರ ‘ಎಂಟರ್ ದ ಡ್ರ್ಯಾಗನ್’ ಎಬ್ಬಿಸಿದ ಗಾಳಿ ಆಗಿನ್ನೂ ತಣ್ಣಗಾಗಿರಲಿಲ್ಲ. ಶಾಲೆಯ ಮೈದಾನ, ಬರಿಗಾಲು, ಸಂಜೆಯ ಧೂಳು, ಸಾಲಾಗಿ ನಿಂತ ನಮ್ಮೆಲ್ಲರ ಗಂಟಲಿನಿಂದ ಒಟ್ಟಿಗೇ ಹೊರಡುವ ಕೂಗು. ಆ ಕೂಗಿನ ಸೊಗಸನ್ನು ಬೇರಾವ ಆಟವೂ ನನಗೆ ಮತ್ತೆ ಕೊಡಲಿಲ್ಲ.

ಈಚೆಗೊಂದು ರಾತ್ರಿ ಟೀಪಾಯಿಯನ್ನು ಪಕ್ಕಕ್ಕೆ ಸರಿಸಿ ಹಾಲ್‌ನಲ್ಲಿ ಹೇಯಾನ್ ಶೋದಾನ್ ಎಂಬ ಕಟಾ ಮಾಡಿ ನೋಡಿದೆ. ಕಟಾ ಎಂದರೆ ಕ್ರಮವಾಗಿ ಜೋಡಿಸಿದ ಚಲನೆಗಳ ಸರಣಿ. ಇದು ಆರಂಭದವರಿಗೆ ಕಲಿಸುವಂಥದ್ದು, ಒಟ್ಟು 21 ಚಲನೆ. ಎಡಕ್ಕೆ ತಿರುಗಿ ಕೆಳತಡೆ, ಬಲಗಾಲು ಮುಂದಿಟ್ಟು ಗುದ್ದು, ಹಿಂದಕ್ಕೆ ಹೊರಳಿ ಮತ್ತೆ ತಡೆ. ಮುಂದಿನದು ಯಾವುದೆಂದು ತಲೆ ಯೋಚಿಸುವಷ್ಟರಲ್ಲಿ ಕಾಲು ಅಲ್ಲಿಗೆ ಹೋಗಿ ನಿಂತಿರುತ್ತಿತ್ತು. ವರ್ಷಗಟ್ಟಲೆ ಮುಟ್ಟದಿದ್ದರೂ ಮೈ ಇಷ್ಟನ್ನು ಕಾಪಾಡಿಕೊಂಡಿದೆಯಲ್ಲ ಎಂದು ಕಣ್ಣು ತುಂಬಿತು. ಆದರೆ ಮೊಣಕಾಲು ಬೇರೆ ಮಾತು ಹೇಳಿತು. ಝೆನ್‌ಕುತ್ಸು ನಿಲುವಿನಲ್ಲಿ ಹೆಜ್ಜೆ ಉದ್ದ, ಸೊಂಟ ತಗ್ಗು, ಭಾರದ ಹೆಚ್ಚಿನ ಪಾಲು ಮಡಿಸಿದ ಮುಂಗಾಲಿನ ಮೇಲೆ. ಆ ಭಾರವನ್ನು ಹೊತ್ತುಕೊಂಡೇ ಹೊರಳಿದರೆ ತಿರುಚು ನೇರವಾಗಿ ಕೀಲಿಗೆ ಬೀಳುತ್ತದೆ.

ಈ ನಿಲುವು ಇಷ್ಟು ಉದ್ದವೇಕೆ ಎಂದು ಓದುತ್ತಾ ಹೋದೆ. ಕರಾಟೆಯನ್ನು ಜಪಾನಿನ ಮುಖ್ಯ ನಾಡಿಗೆ ಪರಿಚಯಿಸಿದವರಲ್ಲಿ ಪ್ರಮುಖರಾದ, ಶೋಟೋಕಾನ್ ಕಟ್ಟಿದ ಫುನಾಕೋಶಿ ಗಿಚಿನ್ ಒಕಿನಾವಾದ ಶಾಲಾ ಮೇಷ್ಟ್ರು. 1922ರಲ್ಲಿ ಪ್ರದರ್ಶನಕ್ಕೆಂದು ಟೋಕಿಯೋಗೆ ಬಂದವರು ಅಲ್ಲೇ ಉಳಿದು ಕಲಿಸತೊಡಗಿದರು. ಆಗಲೇ ಅವರಿಗೆ ಐವತ್ತು ದಾಟಿತ್ತು. ಅವರದು ಹೆಚ್ಚು ಎತ್ತರದ, ಗಿಡ್ಡ ಹೆಜ್ಜೆಯ ನಿಲುವು. ಅದು ತಗ್ಗಿ ಉದ್ದವಾದದ್ದು ವಿಶ್ವವಿದ್ಯಾಲಯಗಳ ಕ್ಲಬ್ಬುಗಳಲ್ಲಿ, ಅವರ ಮಗ ಯೋಶಿತಾಕರ ಪ್ರಭಾವದಲ್ಲಿ. ಅಂದರೆ ನಾನು ಕಲಿತ ರೂಪ ಯುವಕರು ಯುವಕರಿಗಾಗಿ ತಿದ್ದಿದ್ದು. ಇದು ತಿಳಿದ ಮೇಲೆ ಮೊಣಕಾಲಿನ ಮೇಲಿದ್ದ ನನ್ನ ಸಿಟ್ಟು ಇಳಿಯಿತು.

ಹಾಗಾದರೆ ಬೇರೆ ಯಾವುದು? ಊರಿನಲ್ಲೇ ಗರಡಿ ಮನೆಗಳಿವೆ. ಎಣ್ಣೆ, ಅರಿಶಿನ ಬೆರೆಸಿ ಹದಮಾಡಿದ ಕೆಮ್ಮಣ್ಣು, ಗೋಡೆಯ ಮೇಲೆ ಹನುಮಂತ, ಮೂಲೆಯಲ್ಲಿ ಗದೆ. ಒಳಗೆ ಕಾಲಿಟ್ಟರೆ ಸಾಕು, ಆ ಮಣ್ಣಿನ ವಾಸನೆಗೇ ಬೆನ್ನು ನೆಟ್ಟಗಾಗುತ್ತದೆ. ವಿಜಯದಶಮಿಯ ದಿನ ಅರಮನೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುವ ಊರಿದು. ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಅದು ಮನೆತನದಿಂದ ಬಂದ ವಿದ್ಯೆ, ದೂರದಿಂದ ಕೈಮುಗಿಯುವಂಥದ್ದು. ಕುಸ್ತಿಯೋ, ಎಳೆಯ ವಯಸ್ಸಿನಲ್ಲೇ ಮಣ್ಣಿಗಿಳಿದವರಿಗೆ ಒಲಿಯುವುದು. ಕೇರಳದ ಕಳರಿಪಯಟ್ಟು ಕೂಡ ಆಸೆ ಹುಟ್ಟಿಸಿತು. ವಡಗರದ ಮೀನಾಕ್ಷಿ ಅಮ್ಮ ಎಪ್ಪತ್ತು ದಾಟಿದ ಮೇಲೂ ಕತ್ತಿ ಹಿಡಿದು ಕಲಿಸುತ್ತಿದ್ದವರು, 2017ರಲ್ಲಿ ಪದ್ಮಶ್ರೀ ಪಡೆದವರು. ಆದರೆ ಅವರು ಬಾಲ್ಯದಲ್ಲಿ ಹಿಡಿದದ್ದನ್ನು ಕೈಬಿಡದೆ ನಡೆಸಿಕೊಂಡು ಬಂದವರು. ಬಿಡದೇ ಇದ್ದವರ ದಾರಿ ಬೇರೆ, ಬಿಟ್ಟು ಮರಳುವವರ ದಾರಿ ಬೇರೆ.

ಜೂಡೋ ಕ್ಲಾಸೊಂದನ್ನು ನೋಡಿ ಬಂದೆ. 1882ರಲ್ಲಿ ಟೋಕಿಯೋದ ಒಂದು ದೇಗುಲದಲ್ಲಿ 12 ಚಾಪೆಗಳಷ್ಟು ಜಾಗದಲ್ಲಿ ಕಾನೋ ಜಿಗೋರೋ ಆರಂಭಿಸಿದ ಈ ವಿದ್ಯೆ ಎಲ್ಲಕ್ಕಿಂತ ಮೊದಲು ಬೀಳುವುದನ್ನು ಕಲಿಸುತ್ತದೆ. ಗದ್ದವನ್ನು ಎದೆಗೆ ಒತ್ತಿ, ತಲೆ ನೆಲಕ್ಕೆ ತಾಗದಂತೆ ಬೆನ್ನು ಗುಂಡಗೆ ಮಾಡಿ, ತೋಳಿನಿಂದ ಚಾಪೆಯನ್ನು ಬಡಿಯುವುದು. ವಯಸ್ಸಾದವರಿಗೆ ಇದಕ್ಕಿಂತ ಬೆಲೆಬಾಳುವ ಪಾಠ ಯಾವ ಶೈಲಿಯಲ್ಲೂ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಎಸೆಸಿಕೊಳ್ಳುವುದಕ್ಕೆ ಮಾತ್ರ ನನ್ನ ಬೆನ್ನು ಒಪ್ಪಲಿಲ್ಲ. ತೈ ಚಿ ಸುಂದರವಾದದ್ದು, ಆದರೆ ನನಗೆ ಗುದ್ದು ಬೇಕಿತ್ತು, ಕೂಗು ಬೇಕಿತ್ತು.

ಕೊನೆಗೆ ಸಿಕ್ಕಿದ್ದು ಗೋಜು-ರ್‍ಯು. ಇದೂ ಕರಾಟೆಯೇ, ಒಕಿನಾವಾದ ನಾಹಾ ಊರಿನದು, ಮಿಯಾಗಿ ಚೋಜುನ್ ಕಟ್ಟಿದ್ದು. ಇದರ ಬುನಾದಿ ಸಾಂಚಿನ್ ಎಂಬ ಕಟಾ. ನೋಡುವವರಿಗೆ ಅದರಲ್ಲಿ ಏನೂ ನಡೆಯುವುದಿಲ್ಲ. ಹೆಜ್ಜೆ ಭುಜದಷ್ಟೇ ಅಗಲ. ಮುಂಗಾಲಿನ ಹಿಮ್ಮಡಿ ಹಿಂಗಾಲಿನ ಬೆರಳುಗಳ ನೇರಕ್ಕೆ. ಪಾದ ತುಸು ಒಳಮುಖ, ಮೊಣಕಾಲು ಒಂಚೂರು ಮಾತ್ರ ಮಡಿಸಿದ್ದು, ಭಾರ ಎರಡೂ ಕಾಲಿಗೆ ಸಮ. ಮೊಣಕೈಗೂ ಪಕ್ಕೆಗೂ ನಡುವೆ ಒಂದು ಮುಷ್ಟಿಯ ಅಂತರ. ಮೂಗಿನಿಂದ ಎಳೆದ ಉಸಿರನ್ನು ಕಿಬ್ಬೊಟ್ಟೆಗಿಳಿಸಿ, ಬಾಯಿಂದ ನಿಧಾನವಾಗಿ ಬಿಡುತ್ತಾ ಇಡೀ ಮೈಯನ್ನು ಬಿಗಿಯುತ್ತಾ ಗುದ್ದಬೇಕು. ಮಾಸ್ಟ್ರು ಸುತ್ತ ನಡೆಯುತ್ತಾ ಹೆಗಲಿಗೆ, ತೊಡೆಗೆ ಅಂಗೈಯಿಂದ ಹೊಡೆದು ಬಿಗಿ ಪರೀಕ್ಷಿಸುತ್ತಾರೆ. ನಾಲ್ಕು ಹೆಜ್ಜೆ ಜಾಗ ಸಾಕು, ಅಷ್ಟರಲ್ಲೇ ಬೆವರು ಗದ್ದದಿಂದ ತೊಟ್ಟಿಕ್ಕುತ್ತದೆ. ಹುಡುಗನಾಗಿದ್ದಾಗ ಇದನ್ನು ಕಲಿಸಿದ್ದರೆ ಬೇಸತ್ತು ಓಡಿಹೋಗುತ್ತಿದ್ದೆ. ಈಗ ಒಂದೊಂದು ಉಸಿರೂ ಬೇಕೆನಿಸುತ್ತದೆ.

ಅಲ್ಲಿಯ ಸಲಕರಣೆಗಳೂ ಮನಸ್ಸಿಗೆ ಹಿಡಿಸಿದವು. ಬಾಯಂಚನ್ನು ಬೆರಳಿನಿಂದ ಮಾತ್ರ ಹಿಡಿದು ಎತ್ತಿಕೊಂಡು ನಡೆಯುವ ಮಣ್ಣಿನ ಜಾಡಿಗಳು. ಕೈ ಬಲಿತಂತೆ ಒಳಗೆ ಮರಳು ಹಾಕುತ್ತಾ ಹೋಗುತ್ತಾರೆ. ಇನ್ನೊಂದು, ಕೋಲಿನ ತುದಿಗೆ ಕಲ್ಲು ಕೂರಿಸಿದ ಚಿ-ಇಶಿ. ಅದನ್ನು ಹೆಗಲ ಮೇಲೆ ತಿರುವುವುದನ್ನು ಕಂಡಾಗ ನಮ್ಮ ಗರಡಿಯ ಪೈಲ್ವಾನರು ಗದೆ ತಿರುವುವುದು ನೆನಪಾಯಿತು.

ಮಾಸ್ಟ್ರು ನನಗಿಂತ ಬಹಳ ಚಿಕ್ಕವರು. ಮೊದಲ ದಿನ ಫೀಸಿನ ಮಾತು ಎತ್ತುವ ಮೊದಲೇ ಕೇಳಿದರು, “ಸಾರ್, ಬಿಪಿ ಇದ್ಯಾ? ಮೊಣಕಾಲು ಹೇಗಿದೆ?”

ಹೇಳಿದೆ. ಶೋಟೋಕಾನ್ ಕಲಿತದ್ದನ್ನೂ ಹೇಳಿದೆ.

“ಅದನ್ನ ಮರೀಬೇಡಿ ಸಾರ್. ಸದ್ಯಕ್ಕೆ ಪಕ್ಕಕ್ಕಿಟ್ಕೊಂಡಿರಿ.”

“ಬೆಲ್ಟು ಯಾವುದು ಕಟ್ಟಲಿ ಮಾಸ್ಟ್ರೇ?”

“ನಿಮಗೆ ಬಿಟ್ಟಿದ್ದು. ನನ್ನನ್ನ ಕೇಳಿದ್ರೆ, ಬಿಳಿ ಕಟ್ಟಿದ್ರೆ ಆರಾಮಾಗಿ ಕಲೀಬಹುದು.”

ಬಿಳಿಯದನ್ನೇ ಕಟ್ಟಿಕೊಂಡೆ. ಪಕ್ಕದಲ್ಲಿ ನಿಂತ ಹೈಸ್ಕೂಲು ಹುಡುಗಿ ಹಿರಿಯ ದರ್ಜೆಯವಳು. ನನ್ನ ಮೊಣಕೈ ಹೊರಗೆ ಜಾರಿದರೆ ಮೆಲ್ಲಗೆ ಒಳಗೆ ತಳ್ಳುತ್ತಾಳೆ. ಆ ತಿದ್ದುಪಡಿಯಲ್ಲಿ ನನಗೆ ದೊಡ್ಡ ಸಂತೋಷವಿದೆ.

ನಿಮಗೂ ಮರಳುವ ಮನಸ್ಸಿದ್ದರೆ ಶೈಲಿಯ ಹೆಸರು ನೋಡಿ ಸೇರಬೇಡಿ. ಒಂದು ಸಂಜೆ ಗೋಡೆಯ ಪಕ್ಕ ಕೂತು ಪೂರ್ತಿ ಕ್ಲಾಸು ನೋಡಿ. ಅಲ್ಲಿ ನಿಮ್ಮ ವಯಸ್ಸಿನವರು ಯಾರಾದರೂ ಇದ್ದಾರೆಯೇ, ಅವರನ್ನು ಹುಡುಗರ ಲೆಕ್ಕಕ್ಕೇ ಹಾರಿಸಿ ಕುಣಿಸುತ್ತಾರೆಯೇ, ಇಲ್ಲ ಮೈ ನೋಡಿ ಕಲಿಸುತ್ತಾರೆಯೇ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ಸಾಂಚಿನ್‌ನಂಥ ಬಿಗಿಯುಸಿರಿನ ಅಭ್ಯಾಸದಲ್ಲಿ ರಕ್ತದೊತ್ತಡ ಏರುತ್ತದೆ, ಬಿಪಿ ಇರುವವರು ಡಾಕ್ಟರನ್ನು ಕೇಳಿಯೇ ಹೋಗಬೇಕು. ಕರಾಟೆ ಸೇರಿದರೂ ಬೀಳುವುದನ್ನು ಕಲಿಸಿಕೊಡಿ ಎಂದು ಮಾಸ್ಟರನ್ನು ಕೇಳಿಕೊಳ್ಳಿ. ಸಂಜೆ ಮಕ್ಕಳದೇ ಗದ್ದಲವಾದರೆ ಬೆಳಗಿನ ಬ್ಯಾಚು ಇದೆಯೇ ವಿಚಾರಿಸಿ.