ನಾವು ವಿಕೆಟ್ ಮಾಡಿಕೊಂಡಿದ್ದ ಕಲ್ಲು

ಕೆಮ್ಮಣ್ಣುಗುಂಡಿಯ ರಾಜಭವನದ ಹತ್ತಿರ ಕಟ್ಟೆಯೊಂದರ ಮೇಲೆ ಕುಳಿತು ಮೊಮ್ಮಕ್ಕಳ ಜೊತೆ ಮಂಡಕ್ಕಿ ತಿನ್ನುತ್ತಿದ್ದೆ. ಕೆಳಗಿನ ಕಣಿವೆಯಿಂದ ಮಂಜು ಮೇಲೇರುತ್ತಿತ್ತು. ಏಳನೇ ತರಗತಿಯ ಮೊಮ್ಮಗಳು ಇದ್ದಕ್ಕಿದ್ದಂತೆ ಕೇಳಿದಳು:

‘ಅಜ್ಜಾ, ರಜೆ ಮುಗಿಯೋದ್ರೊಳಗೆ ಒಂದು ಪ್ರಬಂಧ ಬರೀಬೇಕು. “ನಮ್ಮ ಊರಿನ ಯುದ್ಧ ಸ್ಮಾರಕ” ಅಂತ. ನಮ್ಮೂರಲ್ಲಿ ಯಾವುದಿದೆ?’

ನಮ್ಮದು ತರೀಕೆರೆ ಸೀಮೆಯ ಒಂದು ಸಣ್ಣ ಹಳ್ಳಿ. ‘ನಮ್ಮೂರಲ್ಲಿ ಯುದ್ಧವೇ ಆಗಿಲ್ಲ, ಸ್ಮಾರಕ ಎಲ್ಲಿಂದ ಬರಬೇಕು?’ ಎಂದುಬಿಟ್ಟೆ. ಅದು ತಪ್ಪು ಮಾತೆಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು.

ಅವಳ ಮುಖ ಸಪ್ಪಗಾದುದನ್ನು ನೋಡಿ ಒಂದು ಕಥೆ ಹೇಳಿದೆ. ಕೆಮ್ಮಣ್ಣುಗುಂಡಿ ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಬರುತ್ತಿದ್ದ ಜಾಗ. ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಹೆಸರು ಬಂದದ್ದು ಅವರಿಂದಲೇ. ಮೊದಲನೆಯ ಮಹಾಯುದ್ಧ ನಡೆದಾಗ ಮೈಸೂರಿನ ಅರಸರು ಅವರೇ. ಅವರ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಸಮುದ್ರ ದಾಟಿ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಸೇರಿ ಹೈಫಾ ಎಂಬ ಬಂದರು ಪಟ್ಟಣವನ್ನು ಗೆದ್ದಿತು. ಎದುರಿಗೆ ಮೆಷಿನ್‌ಗನ್ನುಗಳು, ಇವರ ಕೈಯಲ್ಲಿ ಈಟಿ, ಕತ್ತಿ! ದೆಹಲಿಯ ತೀನ್ ಮೂರ್ತಿಯ ಮೂರು ಸೈನಿಕರ ಪ್ರತಿಮೆಗಳಲ್ಲಿ ಒಂದು ಮೈಸೂರಿನ ಪಡೆಯದು. ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಆ ಪಡೆಯ ಸ್ಮಾರಕವಿದೆ.

‘ಕಥೆ ಚೆನ್ನಾಗಿದೆ. ಆದ್ರೆ ಅದು ಬೆಂಗಳೂರಿಂದು, ನಮ್ಮೂರಿಂದಲ್ವಲ್ಲ’ ಎಂದಳು ಮೊಮ್ಮಗಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಬೆಟ್ಟ ಇಳಿದೆವು. ಲಿಂಗದಹಳ್ಳಿಯ ಮೇಲೆ ತರೀಕೆರೆಗೆ ಬಂದು, ಅಲ್ಲಿಂದ ಅಮೃತಾಪುರಕ್ಕೆ ಹೋದೆವು. ಅಲ್ಲಿನ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಕಟ್ಟಿಸಿದವನು ಅಮೃತೇಶ್ವರ ದಂಡನಾಯಕ. ಹೊಯ್ಸಳರ ಇಮ್ಮಡಿ ವೀರಬಲ್ಲಾಳನ ಸೇನಾಪತಿ. ಬಳಪದ ಕಲ್ಲಿನ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಹೊರಮಂಟಪದ ಗೋಡೆಯ ಮೇಲೆ 140 ಚಿತ್ರಪಟ್ಟಿಗಳಿವೆ: ದಕ್ಷಿಣದ ಕಡೆ ರಾಮಾಯಣದವು 70, ಉತ್ತರದ ಕಡೆ ಕೃಷ್ಣನ ಕಥೆಯವು 25, ಮಹಾಭಾರತದವು 45. ಕವಿ ಜನ್ನ ರಚಿಸಿದ ಶಾಸನವೂ ಇಲ್ಲಿದೆ.

ಮೊಮ್ಮಗ ವಾನರ ಸೇನೆಯನ್ನು ಎಣಿಸತೊಡಗಿದ. ಮೊಮ್ಮಗಳು ಮಾತ್ರ ಸುಮ್ಮನೆ ನಿಂತಿದ್ದಳು. ‘ದಂಡನಾಯಕನ ಹೆಸರು ಗುಡಿಗೇ ಇದೆ. ಅವನ ಜೊತೆ ಹೋಗಿ ಸತ್ತವರ ಹೆಸರು ಎಲ್ಲಿದೆ ಅಜ್ಜಾ?’

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅದರ ಮಾರನೆಯ ದಿನ, ಶಿವಮೊಗ್ಗದಲ್ಲಿ. ನೆಂಟರ ಮನೆಗೆ ಹೋದವರು ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೂ ಹೋದೆವು. ಅರಮನೆಯ ಅಂಗಳದಲ್ಲಿ ಬೇರೆ ಬೇರೆ ಊರುಗಳಿಂದ ತಂದ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಅವುಗಳಲ್ಲಿ ಹಲವು ವೀರಗಲ್ಲುಗಳು.

ಮಕ್ಕಳೇ, ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತದೆ. ಕೆಳಗಿನದರಲ್ಲಿ ಕಾಳಗ: ವೀರನ ಕೈಯಲ್ಲಿ ಕತ್ತಿ ಗುರಾಣಿ ಅಥವಾ ಬಿಲ್ಲು, ಎದುರಿಗೆ ಶತ್ರುಗಳು, ಕಾಲಡಿಯಲ್ಲಿ ಬಿದ್ದವರು. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಕೆಲವರ ಕೈಯಲ್ಲಿ ಚಾಮರ. ಮೇಲಿನದು ಕೈಲಾಸ: ಶಿವಲಿಂಗ, ನಂದಿ, ಪೂಜೆ ಮಾಡುವವನು, ಪಕ್ಕದಲ್ಲಿ ಕೈಮುಗಿದು ಕುಳಿತ ನಮ್ಮ ವೀರ. ಜೈನನಾಗಿದ್ದರೆ ಶಿವಲಿಂಗದ ಜಾಗದಲ್ಲಿ ಜಿನಮೂರ್ತಿ ಇರುತ್ತದೆ. ಎಲ್ಲಕ್ಕಿಂತ ಮೇಲೆ ಸೂರ್ಯ, ಚಂದ್ರ. ಅವರಿಬ್ಬರೂ ಇರುವ ತನಕ ಇವನ ಹೆಸರು ಇರಲಿ ಎಂಬ ಹಾರೈಕೆ ಅದು. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿದ್ದರೆ ಯಾರು, ಯಾವಾಗ, ಏಕೆ ಸತ್ತ ಎಂಬುದು ತಿಳಿಯುತ್ತದೆ.

ಓದು ಬಾರದವನಿಗೂ ಈ ಕಲ್ಲು ಅರ್ಥವಾಗುತ್ತದೆ. ಅದೇ ಇದರ ಜಾಣ್ಮೆ. ಒಂದು ಬಂಡೆಯ ಮೇಲೆ ಭೂಮಿ, ಆಕಾಶ, ಸ್ವರ್ಗ ಮೂರನ್ನೂ ಶಿಲ್ಪಿ ಒಂದರ ಮೇಲೊಂದು ಜೋಡಿಸಿದ್ದಾನೆ.

ಎಲ್ಲ ವೀರರೂ ರಾಜರ ಯುದ್ಧದಲ್ಲಿ ಸತ್ತವರಲ್ಲ. ಊರಿಗೆ ಕಳ್ಳರು ನುಗ್ಗಿದಾಗ, ಗಡಿಯ ಜಗಳದಲ್ಲಿ, ಹೆಂಗಸರ ಮಾನ ಕಾಯಲು, ಹುಲಿ ಹಂದಿಗಳೊಂದಿಗೆ ಹೋರಾಡಿ ಸತ್ತವರಿಗೂ ಕಲ್ಲು ನಿಲ್ಲಿಸುತ್ತಿದ್ದರು. ದನಗಳಿಗಾಗಿ ನಡೆದ ಕಾಳಗದ ಕಲ್ಲುಗಳಂತೂ ಬಹಳ. ಅದಕ್ಕೆ ‘ತುರುಗೋಳ್’ ಎನ್ನುತ್ತಾರೆ. ತುರು ಎಂದರೆ ದನ; ತುರುಗೋಳ್ ಎಂದರೆ ದನ ಹಿಡಿದೊಯ್ಯುವುದು.

‘ದನಕ್ಕೋಸ್ಕರ ಪ್ರಾಣ ಕೊಡ್ತಿದ್ರಾ?’ ಎಂದು ಮೊಮ್ಮಗ ನಕ್ಕ. ಅಂದಿನವರಿಗೆ ಉಳುಮೆ, ಹಾಲು, ಗೊಬ್ಬರ, ಗಾಡಿ ಎಲ್ಲವೂ ದನವೇ. ದನ ಹೋದರೆ ಮುಂದಿನ ವರ್ಷದ ಅನ್ನವೇ ಹೋದಂತೆ. ನಮ್ಮ ಪಕ್ಕದ ಅಜ್ಜಂಪುರವನ್ನೇ ನೋಡಿ. ಅಲ್ಲಿ ಇಂದಿಗೂ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟ. ಮೈಸೂರಿನ ಸೈನ್ಯದ ಫಿರಂಗಿಗಳನ್ನು ಎಳೆದದ್ದು ಈ ಎತ್ತುಗಳೇ.

ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನವೂ ಒಬ್ಬ ವೀರನ ಮಾತೇ ಆಗಿದೆ. ಸುಮಾರು 450ರ ಕಾಲದ್ದು. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ಕೊಟ್ಟದ್ದನ್ನು ಅದು ಹೇಳುತ್ತದೆ. ಹೀಗೆ ವೀರನಿಗೆ ಕೊಡುವ ಭೂಮಿಗೆ ‘ಬಾಳ್ಗಳ್ಚು’ ಎಂಬ ಹೆಸರಿತ್ತು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು.

ಮೊಮ್ಮಗನಿಗೆ ಇಷ್ಟವಾದದ್ದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನ ಕಥೆ. ಸುಮಾರು 950ರಲ್ಲಿ ನೆಟ್ಟ ಕಲ್ಲು ಅದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರ ಎಂಬ ವೀರ, ತನಗೆ ಕಾಳಿ ಎಂಬ ನಾಯಿಯನ್ನು ಕೊಡಿ ಎಂದು ದೊರೆಯನ್ನು ಕೇಳಿ ಪಡೆದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ನಾಯಿ, ಹಂದಿ ಎರಡೂ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು! ಇಂದು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಎಲ್ಲ ಕಲ್ಲುಗಳಿಗೂ ಆ ಭಾಗ್ಯವಿಲ್ಲ. ಎಷ್ಟೋ ಕಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿವೆ, ಮೋರಿಯ ಚಪ್ಪಡಿಯಾಗಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕಿಟ್ಟಯ್ಯ ಎಂಬ ವೀರನ ಕಲ್ಲು 2018ರಲ್ಲಿ ಮಣ್ಣು ಅಗೆಯುವಾಗ ಸಿಕ್ಕಿತು. ಸುಮಾರು 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. ಅಲ್ಲಿನ ಜನ ಅದಕ್ಕೆ ಚೆಂದದ ಮಂಟಪ ಕಟ್ಟಿ ಕಾಪಾಡಿಕೊಂಡರು.

ಇಷ್ಟನ್ನು ಹೇಳುತ್ತಿರುವಾಗ ನನ್ನ ಬಾಯಿ ತಾನಾಗಿ ನಿಂತಿತು. ನಮ್ಮೂರ ಶಾಲೆಯ ಬಯಲಿನ ಅಂಚಿನಲ್ಲಿ ಒಂದು ಕಲ್ಲಿದೆ. ಸೊಂಟಕ್ಕಿಂತ ಸ್ವಲ್ಪ ಎತ್ತರ. ನಾವು ಹುಡುಗರಾಗಿದ್ದಾಗ ಅದನ್ನೇ ವಿಕೆಟ್ ಮಾಡಿಕೊಂಡು ಆಡುತ್ತಿದ್ದೆವು. ಬಯಲಿನ ಕಡೆಗಿರುವ ಮೈ ನುಣ್ಣಗಿದೆ. ಆಚೆಯ ಮೈಯನ್ನು ಲಂಟಾನ ಪೊದೆ ಮುಚ್ಚಿತ್ತು. ಅರವತ್ತು ವರ್ಷದಲ್ಲಿ ಒಮ್ಮೆಯೂ ನಾನು ಆ ಕಡೆ ಹೋಗಿ ನೋಡಿರಲಿಲ್ಲ.

ಸಂಜೆಯ ಹೊತ್ತಿಗೆ ಊರು ಮುಟ್ಟಿದೆವು. ಕೈಚೀಲವನ್ನೂ ಇಳಿಸದೆ ಬಯಲಿಗೆ ನಡೆದೆವು. ಕಲ್ಲಿನ ಬೆನ್ನ ಮೇಲೆ ಈಗಿನ ಹುಡುಗರು ಇದ್ದಿಲಿನಿಂದ ಮೂರು ಗೆರೆ ಎಳೆದಿದ್ದರು, ನಾವು ಎಳೆಯುತ್ತಿದ್ದಂತೆಯೇ. ನಾನು ಕತ್ತಿ ತರಿಸಿ ಪೊದೆ ಸವರಿದೆ. ಮೊಮ್ಮಗಳು ಮಣ್ಣಿನಲ್ಲೇ ಕುಕ್ಕರಗಾಲಲ್ಲಿ ಕುಳಿತು ಕೆಳಗಿನಿಂದ ಓದತೊಡಗಿದಳು.

‘ಇವನ ಕೈಲಿ ಬಿಲ್ಲಿದೆ. ಇಲ್ಲಿ ಇಬ್ಬರು ಬಿದ್ದಿದ್ದಾರೆ. ಅಜ್ಜಾ, ಹಿಂದುಗಡೆ ನೋಡು, ಕೊಂಬು! ಒಂದು, ಎರಡು, ಮೂರು... ದನಗಳು!’

ಅಕ್ಷರದ ಪಟ್ಟಿ ಪೂರ್ತಿ ಸವೆದಿತ್ತು. ಹೆಸರು ಸಿಗಲಿಲ್ಲ. ಸೂರ್ಯ ಚಂದ್ರರು ಮಾತ್ರ ಇದ್ದರು. ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಪಕ್ಕದ ಮನೆಯ ಅಜ್ಜಿ ನಿಂತರು.

‘ಏನ್ ನೋಡ್ತೀಯವ್ವಾ ಅಲ್ಲಿ? ಯಾರ್ದಂತೆ ಆ ಕಲ್ಲು?’

‘ಊರಿನ ದನ ಬಿಡಿಸ್ಕೊಳ್ಳೋಕೆ ಹೋಗಿ ಸತ್ತವನ್ದು ಅಜ್ಜಿ.’

ಅಜ್ಜಿ ಕಲ್ಲನ್ನೂ ತಮ್ಮ ಎಮ್ಮೆಗಳನ್ನೂ ಒಮ್ಮೆ ನೋಡಿದರು. ‘ಅಂಗಾರೆ ಇವ್ನು ನಮ್ಮೂರೋನೇಯ’ ಎಂದು ಸೆರಗು ಸರಿಮಾಡಿಕೊಂಡು ಕೈಮುಗಿದರು.

ಮಕ್ಕಳೇ, ನಿಮ್ಮೂರಿನಲ್ಲಿಯೂ ಇಂಥ ಕಲ್ಲಿರಬಹುದು. ಹುಡುಕಿ. ಸಿಕ್ಕರೆ ಉಜ್ಜಬೇಡಿ, ಬಣ್ಣ ಬಳಿಯಬೇಡಿ, ಅಕ್ಷರದ ಮೇಲೆ ಸೀಮೆಸುಣ್ಣ ತಿಕ್ಕಬೇಡಿ, ಕಿತ್ತು ಬೇರೆಡೆ ಇಡಬೇಡಿ. ಒಂದು ಫೋಟೋ ತೆಗೆದು ನಿಮ್ಮ ಶಿಕ್ಷಕರಿಗೆ ತೋರಿಸಿ. ಪುರಾತತ್ತ್ವ ಇಲಾಖೆಗೆ ತಿಳಿಸಲು ಅವರು ನೆರವಾಗುತ್ತಾರೆ. ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಹೋಗಿ. ನನ್ನಂತೆ ಅವರೂ ಒಂದೇ ಮೈ ನೋಡಿರಬಹುದು.

ಮೊಮ್ಮಗಳ ಪ್ರಬಂಧ ಅದೇ ರಾತ್ರಿ ಮುಗಿಯಿತು. ಮರುದಿನ ಹುಡುಗರು ತಾವಾಗಿಯೇ ವಿಕೆಟ್ಟನ್ನು ಹುಣಸೆಮರದ ಕಡೆಗೆ ಬದಲಿಸಿದರು. ಇದ್ದಿಲಿನ ಮೂರು ಗೆರೆಯನ್ನು ತೊಳೆಯಲು ಮೊಮ್ಮಗ ಬಕೆಟ್ ಹಿಡಿದು ಹೊರಟಿದ್ದ. ಬೇಡವೆಂದೆ. ಮುಂದಿನ ಮಳೆ ಅದನ್ನು ಮೆಲ್ಲಗೆ ತೊಳೆಯುತ್ತದೆ.