ಅಪ್ಪನ ಕುದುರೆ ಲೆಕ್ಕ

ಓಟದ ಪ್ರಾಣಿಯನ್ನು ಕಣ್ಣಳತೆಯಲ್ಲೇ ತೂಗುವುದು ಗಡಿನಾಡಿನ ನಮ್ಮವರಿಗೆ ಹೊಸ ವಿದ್ಯೆಯಲ್ಲ. ಪೈವಳಿಕೆಯ ಕಂಬಳಕ್ಕೆ ಹೋದವರು, ಕೋಣಗಳು ಕರೆಗೆ ಇಳಿಯುವ ಮೊದಲೇ ಅವುಗಳ ಭುಜ, ಕಾಲು, ಮೈಯ ಮಿರುಗು ನೋಡಿ "ಇವತ್ತು ಈ ಜೋಡಿಯದೇ" ಎಂದುಬಿಡುವುದುಂಟು. ನಮ್ಮ ನೀಲಗಿರಿಯಲ್ಲಿ ಕಂಬಳವಿಲ್ಲ. ಇದ್ದದ್ದು ಊಟಿಯ ಕುದುರೆ ರೇಸು. ಕೋಣಕ್ಕೆ ಕಣ್ಣು ಸಾಕು; ಕುದುರೆಗೆ ಕಣ್ಣಿನ ಜೊತೆ ಲೆಕ್ಕವೂ ಬೇಕು ಎನ್ನುತ್ತಿದ್ದವರು ನನ್ನ ಅಪ್ಪ.

ನಮ್ಮ ತಾತ ಗುಂಡ್ಲುಪೇಟೆ ಕಡೆಯಿಂದ ಘಟ್ಟ ಹತ್ತಿ ಬಂದು ಕೋತಗಿರಿಯಲ್ಲಿ ನೆಲೆಸಿದವರು. ಅಪ್ಪ ತರಕಾರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಮಂಡಿಯ ಲೆಕ್ಕ ತಮಿಳಿನಲ್ಲಿ, ಮನೆಯ ಮಾತು ಕನ್ನಡದಲ್ಲಿ, ನೆರೆಹೊರೆಯ ಮಾತು ಬಡಗರ ಭಾಷೆಯಲ್ಲಿ, ಸಂಜೆಯ ಚಹಾ ಮಲಯಾಳಿ ಕಾಕನ ಅಂಗಡಿಯಲ್ಲಿ. ಆದರೆ ಕುದುರೆಗಳ ಲೆಕ್ಕವನ್ನು ಮಾತ್ರ ಅಪ್ಪ ಕನ್ನಡದಲ್ಲಿ ಬರೆಯುತ್ತಿದ್ದರು. ಮಂಡಿಯಲ್ಲಿ ಯಾರಿಗೂ ಓದಲು ಬಾರದು ಎಂಬುದೇ ಕಾರಣ. ನಾನು ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡ ಅಕ್ಷರಗಳನ್ನು ಅವ್ವ ಕಲಿಸಿದಳು. ಅವುಗಳನ್ನು ಕೂಡಿಸಿ ಓದುವ ಅಭ್ಯಾಸವಾದದ್ದು ಅಪ್ಪನ ಉದ್ದನೆಯ ನೋಟ್‌ಬುಕ್ಕಿನಿಂದ. "ಕೊನೇಲಿ ಬರ್ತದೆ", "ಉಸಿರು ಸಾಲದು", "ಮಳೆ ಬಿದ್ರೆ ಇದೇ" – ಇವು ನಾನು ತಡೆಯಿಲ್ಲದೆ ಓದಿದ ಮೊದಲ ಕನ್ನಡ ವಾಕ್ಯಗಳು.

ಏಪ್ರಿಲ್ ಮಧ್ಯದಿಂದ ಜೂನ್‌ವರೆಗೆ ಊಟಿಯಲ್ಲಿ ರೇಸಿನ ಕಾಲ. ರಜೆಯ ದಿನಗಳಲ್ಲಿ ಅಪ್ಪ ನನ್ನನ್ನೂ ಬಸ್ಸು ಹತ್ತಿಸುತ್ತಿದ್ದರು. ಕಟ್ಟಬೆಟ್ಟು ದಾಟಿ, ದೊಡ್ಡಬೆಟ್ಟದ ತಿರುವು ಇಳಿದು, ಬಸ್‌ಸ್ಟ್ಯಾಂಡ್ ತಲುಪಿದರೆ ಪಕ್ಕದಲ್ಲೇ ರೇಸ್‌ಕೋರ್ಸು. ಬೇಲಿಯ ಹೊರಗೆ ನಿಂತು ಅವರು ಪಾಠ ಮಾಡುತ್ತಿದ್ದರು.

ಮೊದಲ ಪಾಠ ಹಳೆಯ ಓಟಗಳದು. ಹಿಂದಿನ ಸಲ ಕುದುರೆ ಎಷ್ಟನೆಯದಾಗಿ ಬಂತು ಎಂಬುದು ಮುಖ್ಯವಲ್ಲ. ಎಷ್ಟು ದೂರದ ಓಟದಲ್ಲಿ, ಯಾವ ಕುದುರೆಗಳ ಎದುರು, ಎಷ್ಟು ಅಂತರದಲ್ಲಿ ಸೋತಿತು ಎಂಬುದು ಮುಖ್ಯ. ಎರಡನೆಯದು ತೂಕ. ಹ್ಯಾಂಡಿಕ್ಯಾಪ್ ರೇಸಿನಲ್ಲಿ ಒಳ್ಳೆಯ ಕುದುರೆಗೆ ಹೆಚ್ಚು ಭಾರ, ಸಾಧಾರಣ ಕುದುರೆಗೆ ಕಡಿಮೆ ಭಾರ. ಎಲ್ಲವೂ ಒಟ್ಟಿಗೆ ಗುರಿ ಮುಟ್ಟಲಿ ಎಂಬುದು ತೂಕ ಹಾಕುವವನ ಆಸೆ. ಆ ಆಸೆ ಎಲ್ಲಿ ತಪ್ಪಿದೆ ಎಂದು ಹುಡುಕುವುದೇ ನೋಡುವವನ ಕೆಲಸ. ಮೂರನೆಯದು ನಮ್ಮ ಬೆಟ್ಟದ ಗುಣ. ಊಟಿ ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರ. ಮದರಾಸಿನಿಂದ, ಬೆಂಗಳೂರಿನಿಂದ ಹೊಸದಾಗಿ ಬಂದ ಕುದುರೆಗೆ ಇಲ್ಲಿನ ತೆಳು ಗಾಳಿ ಒಗ್ಗಲು ಸಮಯ ಬೇಕು. ಒಗ್ಗದಿದ್ದರೆ ಕೊನೆಯ 200 ಮೀಟರಿನಲ್ಲಿ ಗೊತ್ತಾಗುತ್ತದೆ. ನಾಲ್ಕನೆಯದು ನೆಲ. ಹಿಂದಿನ ಸಂಜೆ ಮಳೆ ಬಿದ್ದಿದ್ದರೆ ಹುಲ್ಲಿನ ಅಡಿಯ ಮಣ್ಣು ಕಾಲು ಹಿಡಿಯುತ್ತದೆ. ಆಗ ವೇಗಕ್ಕಿಂತ ತ್ರಾಣ ಹೆಚ್ಚು. ಐದನೆಯದು ಕಣ್ಣಿಗೆ ಕಾಣುವ ಕುದುರೆ: ಓಡುವ ಮೊದಲೇ ಕುತ್ತಿಗೆ ಬೆವರಿದೆಯೇ, ಕಿವಿ ಮುಂದಕ್ಕಿದೆಯೇ, ಹೆಜ್ಜೆ ಹಗುರವಾಗಿದೆಯೇ.

ಇಷ್ಟಾದ ಮೇಲೆ ಕೊನೆಯ ಪಾಠ, ದರದ್ದು. "ಯಾವುದು ಗೆಲ್ಲುತ್ತೆ ಅಂತ ಕೇಳಬೇಡ, ಬುಕ್ಕಿ ಕೊಡೋ ದರ ಸರಿಯಾ ಅಂತ ಕೇಳು" ಎನ್ನುತ್ತಿದ್ದರು. ಒಂದಕ್ಕೆ ನಾಲ್ಕು ಎಂದು ಹಲಗೆಯ ಮೇಲೆ ಬರೆದರೆ, ಐದು ಓಟದಲ್ಲಿ ಒಂದು ಸಲ ಅದು ಗೆಲ್ಲಬಹುದು ಎಂದು ಅರ್ಥ. ಮೂರರಲ್ಲಿ ಒಂದು ಸಲ ಗೆಲ್ಲಬಲ್ಲ ಕುದುರೆ ಎಂದು ನಿನಗೆ ತೋರಿದರೆ ಮಾತ್ರ ಜೇಬಿಗೆ ಕೈ ಹಾಕು. ಹಲಗೆಯ ಮೇಲಿನ ಎಲ್ಲ ದರಗಳನ್ನೂ ಹೀಗೆ ಶೇಕಡಾಕ್ಕೆ ತಂದು ಕೂಡಿದರೆ ಮೊತ್ತ 100 ದಾಟುತ್ತದೆ. ಆ ಹೆಚ್ಚುವರಿಯೇ ಬುಕ್ಕಿಯ ಮನೆ ಖರ್ಚು. ಶೇಕಡಾ ಲೆಕ್ಕವನ್ನು ನನಗೆ ಶಾಲೆಗಿಂತ ಮೊದಲು ಕಲಿಸಿದ್ದು ಆ ಹಲಗೆ. ಬ್ಯಾಂಕ್ ಪರೀಕ್ಷೆಯಲ್ಲಿ ಅದು ಉಪಯೋಗಕ್ಕೆ ಬಂತೆಂದರೆ ನಗಬೇಡಿ.

ಇಷ್ಟೆಲ್ಲ ಹೇಳಿ ಅಪ್ಪ ಒಳಗೆ ಹೋಗುವ ಮುನ್ನ ನಮ್ಮಿಬ್ಬರ ಹಿಂದಿರುಗುವ ಬಸ್ಸಿನ ಕಾಸನ್ನು ನನ್ನ ಅಂಗಿಯ ಜೇಬಿಗೆ ಹಾಕುತ್ತಿದ್ದರು. "ಇದು ನಿನ್ನ ಹತ್ರ ಇರ್ಲಿ. ನಾನೇ ಬಂದು ಕೇಳಿದ್ರೂ ಕೊಡಬೇಡ."

1995ರ ಮೇ ತಿಂಗಳು. ನನಗೆ 14 ವರ್ಷ. ಅಂದು ಅಪ್ಪನ ಜೇಬಿನಲ್ಲಿ ಎಂದಿಗಿಂತ ಹೆಚ್ಚು ಹಣವಿತ್ತು: ಅವ್ವನ ಎರಡೆಳೆ ಸರವನ್ನು ಗಿರವಿ ಇಟ್ಟು ತಂದ 4,000 ರೂಪಾಯಿ. ಅವ್ವನಿಗೆ ಇದು ಗೊತ್ತಿರಲಿಲ್ಲ, ನನಗೂ. ನಾಲ್ಕನೆಯ ರೇಸಿನ ಒಂದು ಕಂದು ಹೆಣ್ಣು ಕುದುರೆಯ ಬಗ್ಗೆ ನೋಟ್‌ಬುಕ್ಕಿನಲ್ಲಿ ಒಂದೂವರೆ ಪುಟ ಬರೆದಿದ್ದರು. ಹಿಂದಿನ ಎರಡು ಓಟಗಳಲ್ಲಿ ಕೊನೆಗೆ ಮುನ್ನುಗ್ಗಿ ಬಂದಿತ್ತು, ಈ ಸಲ ಭಾರ ಕಡಿಮೆ, ಬೆಟ್ಟಕ್ಕೆ ಬಂದು ತಿಂಗಳಾಗಿತ್ತು, ರಾತ್ರಿ ಮಳೆ ಬಿದ್ದಿತ್ತು. ಎಲ್ಲರೂ ಹಣ ಕಟ್ಟುತ್ತಿದ್ದ ಫೇವರಿಟ್ ಕುದುರೆ ಬೆಂಗಳೂರಿನಿಂದ ಬಂದು ಕೆಲವೇ ದಿನಗಳಾಗಿದ್ದವು. ಅಪ್ಪ ಸಾವಿರ ರೂಪಾಯಿ ಕಟ್ಟಿದರು, ಒಂದಕ್ಕೆ ನಾಲ್ಕರ ದರದಲ್ಲಿ.

ಬೇಲಿಯ ಹೊರಗಿನಿಂದ ನಾನು ನೋಡಿದೆ. ಅಪ್ಪ ಬರೆದಂತೆಯೇ ಆಯಿತು. ತಿರುವಿನವರೆಗೆ ಫೇವರಿಟ್ ಮುಂದಿತ್ತು. ಅಲ್ಲಿಂದ ಅದರ ಕುತ್ತಿಗೆ ಮೇಲೆದ್ದಿತು, ಹೆಜ್ಜೆ ಚಿಕ್ಕದಾಯಿತು. ಹೊರಬದಿಯಿಂದ ಕಂದು ಕುದುರೆ ಬಂದು ದಾಟಿ ಹೋಯಿತು. ನಾನು ಅಲ್ಲೇ ಕುಣಿದೆ.

ಆ ಕ್ಷಣದಲ್ಲಿ ಅಪ್ಪನ ಕೈಯಲ್ಲಿ 8,000 ರೂಪಾಯಿ ಇತ್ತೆಂದು ಈಗ ಲೆಕ್ಕ ಹಾಕಬಲ್ಲೆ. ಬಡ್ಡಿ ಸಮೇತ ಸರ ಬಿಡಿಸಿಕೊಂಡು, ಮಿಕ್ಕಿದ್ದರಲ್ಲಿ ಮನೆಗೆ ಮಳೆಗಾಲದ ದಿನಸಿ ತರಬಹುದಿತ್ತು. ಬಸ್‌ಸ್ಟ್ಯಾಂಡ್ ಕೂಗಳತೆಯಲ್ಲಿತ್ತು. ಅಪ್ಪ ಹೊರಗೆ ಬರಲಿಲ್ಲ. ಐದನೆಯ ರೇಸು ಮುಗಿಯಿತು. ಆರನೆಯದಕ್ಕೆ ಮೊದಲು ಬೇಲಿಯ ಬಳಿ ಬಂದರು. ಮುಖ ಬೇರೆ ಯಾರದೋ ಆಗಿತ್ತು.

"ಆ ಕಾಸು ಕೊಡು ಮಗ."

"ಕೊಡಬೇಡ ಅಂದಿದ್ರಿ ಅಪ್ಪ."

"ಕೊಡು ಅಂದೆ."

ಕೊಟ್ಟೆ. ಆ ಚಿಲ್ಲರೆಯಿಂದ ಅವರು ಏನು ಮಾಡಿದರೋ ತಿಳಿಯದು. ಸಂಜೆ ಊಟಿಯಿಂದ ಕೋತಗಿರಿ ಮಾರ್ಗವಾಗಿ ಮೇಟ್ಟುಪಾಳ್ಯಕ್ಕೆ ಕ್ಯಾರೆಟ್ ಒಯ್ಯುತ್ತಿದ್ದ ಲಾರಿಯಲ್ಲಿ, ಮಂಡಿಯ ಪರಿಚಯದ ಮೇಲೆ, ಚೀಲಗಳ ನಡುವೆ ಕುಳಿತು ಬಂದೆವು. ಮಂಜು ಕವಿದಿತ್ತು. ಅಪ್ಪ ತಮ್ಮ ಸ್ವೆಟರ್ ಬಿಚ್ಚಿ ನನಗೆ ಹೊದಿಸಿದರು. ಇಬ್ಬರೂ ಮಾತನಾಡಲಿಲ್ಲ. ಸರ ಗಿರವಿಯಿಂದ ಹಿಂದಕ್ಕೆ ಬರಲಿಲ್ಲ.

ಮರುವರ್ಷ ಜನವರಿಯಲ್ಲಿ ಒಂದು ವಿಶೇಷ ನಡೆಯಿತು. ತಮಿಳುನಾಡು ಸರಕಾರ 1974ರಲ್ಲಿ ಕುದುರೆ ರೇಸಿನ ಬಾಜಿಯನ್ನು ನಿಲ್ಲಿಸಲು ಕಾನೂನು ಮಾಡಿತ್ತು. ಅದರ ಮೇಲಿನ ವ್ಯಾಜ್ಯ ವರ್ಷಗಟ್ಟಲೆ ಎಳೆದು, 1996ರ ಜನವರಿ 12ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಕುದುರೆ ರೇಸು ಬರಿಯ ಅದೃಷ್ಟದಾಟವಲ್ಲ, ಅದರಲ್ಲಿ ಕೌಶಲಕ್ಕೇ ಪ್ರಾಧಾನ್ಯ, ಆದ್ದರಿಂದ ಅದು ಜೂಜಲ್ಲ ಎಂದು. ಅಪ್ಪ ಪತ್ರಿಕೆ ಹಿಡಿದುಕೊಂಡೇ ಮನೆಗೆ ಬಂದರು. ತಮಿಳಿನಲ್ಲಿದ್ದ ಸುದ್ದಿಯನ್ನು ಅವ್ವನಿಗಾಗಿ ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿದರು. ಎಂಟು ತಿಂಗಳಿಂದ ಬಾಗಿದ್ದ ತಲೆ ಅಂದು ನೆಟ್ಟಗಾಗಿತ್ತು. ಒಲೆಯ ಮುಂದಿದ್ದ ಅವ್ವ ಪೂರ್ತಿ ಕೇಳಿಸಿಕೊಂಡು ತಿರುಗದೆಯೇ ಹೇಳಿದಳು:

"ಹಂಗಾದ್ರೆ ನನ್ನ ಸರ ಎಲ್ಲದೆ ಅಂತ ಆ ಪೇಪರಲ್ಲಿ ಬರೆದದಾ?"

ಅಪ್ಪ ಪತ್ರಿಕೆ ಮಡಿಸಿಟ್ಟರು. ಅಂದಿನಿಂದ ಮತ್ತೆ ರೇಸಿಗೆ ಹೋಗಲಿಲ್ಲ.

ಕೋರ್ಟು ಹೇಳಿದ್ದು ಸುಳ್ಳಲ್ಲ ಎಂದು ನಾನು ಬಲ್ಲೆ. ಅಪ್ಪನಿಗೆ ಕೌಶಲವಿತ್ತು, ನಾಲ್ಕನೆಯ ರೇಸು ಅದಕ್ಕೆ ಸಾಕ್ಷಿ. ಹಾಗಾದರೆ ತಪ್ಪಿದ್ದೆಲ್ಲಿ? ಇದು ನನ್ನನ್ನು ಬಹಳ ವರ್ಷ ಕಾಡಿತು. ನಾನೀಗ ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಕುಳಿತುಕೊಳ್ಳುವವನು. ಅಕ್ಕಸಾಲಿಗ ಒರೆಗಲ್ಲಿಗೆ ಸರವನ್ನು ಉಜ್ಜಿ, ತೂಗಿ, ಬೆಲೆ ಹೇಳುತ್ತಾನೆ. ಚಿನ್ನಕ್ಕೆ ಒರೆಗಲ್ಲಿದೆ. ಸಾಲಗಾರನಿಗೆ 300ರಿಂದ 900ರವರೆಗಿನ ಸಿಬಿಲ್ ಅಂಕವಿದೆ. ಹಳೆಯ ಕಂತುಗಳನ್ನು ಹೇಗೆ ಕಟ್ಟಿದ ಎಂಬುದರ ಲೆಕ್ಕ, ರೇಸಿನ ಪುಸ್ತಕದಲ್ಲಿ ಕುದುರೆಯ ಹಳೆಯ ಓಟಗಳಿದ್ದಂತೆಯೇ. ಇದೆಲ್ಲ ಬೇಕಾದದ್ದೇ. ಆದರೆ ಕೈಗೆ ಹಣ ಬಂದ ಗಳಿಗೆಯಲ್ಲಿ ಮನುಷ್ಯ ಏನು ಮಾಡುತ್ತಾನೆ ಎಂಬುದು ಯಾವ ಅಂಕದಲ್ಲೂ ಇಲ್ಲ. ಕೌಂಟರಿನ ಆಚೆ ಹೆಂಡತಿಯ ಸರ ಹಿಡಿದು ಒಬ್ಬನೇ ನಿಂತ ಗಂಡಸನ್ನು ಕಂಡರೆ "ಮನೇಲಿ ಗೊತ್ತಾ?" ಎಂದು ಕೇಳುವ ಚಾಳಿ ನನಗಿದೆ. ಅದು ಗುಮಾಸ್ತನ ಕೆಲಸವಲ್ಲ. ಕೆಲವರು ಬೈದೂ ಇದ್ದಾರೆ.

2024ರ ಜುಲೈಯಲ್ಲಿ, ಗುತ್ತಿಗೆ ಬಾಡಿಗೆಯ ಬಾಕಿಯ ವಿವಾದದಲ್ಲಿ, ಊಟಿ ರೇಸ್‌ಕೋರ್ಸಿನ 52 ಎಕರೆಗೂ ಹೆಚ್ಚು ಜಾಗವನ್ನು ಸರಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ಸುದ್ದಿ ಕೇಳಿದ ಅಪ್ಪ ಏನೂ ಹೇಳದೆ, ಟ್ರಂಕಿನ ತಳದಿಂದ ಆ ನೋಟ್‌ಬುಕ್ಕನ್ನು ತೆಗೆದು ನನ್ನ ಕೈಗೆ ಕೊಟ್ಟರು. ಅಂದಿನ ಪುಟಗಳನ್ನು ಹುಡುಕಿದೆ. ನಾಲ್ಕನೆಯ ರೇಸಿಗೆ ಒಂದೂವರೆ ಪುಟ. ಐದನೆಯದು ಎಂದು ತಲೆಬರಹ, ಕೆಳಗೆ ಖಾಲಿ. ಆರನೆಯದು; ಖಾಲಿ. ಆ ಎರಡು ಓಟಗಳ ಒಂದು ಕುದುರೆಯನ್ನೂ ಅವರು ಅಳೆದಿರಲಿಲ್ಲ. ಅವುಗಳಿಗೆ ಹಣ ಕಟ್ಟುವ ಯೋಚನೆಯೇ ಮನೆ ಬಿಡುವಾಗ ಇರಲಿಲ್ಲ. 29 ವರ್ಷ ನಾನು ಕೇಳಿಕೊಂಡ ಪ್ರಶ್ನೆಗೆ ಉತ್ತರ ಆ ಬಿಳಿಯ ಹಾಳೆಗಳಲ್ಲಿತ್ತು. ಸೋಲು ಅವರನ್ನು ಕೆಡಿಸಲಿಲ್ಲ. ಸರಿಯಾದ ಲೆಕ್ಕದ ಗೆಲುವು ಕೆಡಿಸಿತು.

2025ರ ಏಪ್ರಿಲ್ 5ರಂದು ಇಂಗ್ಲೆಂಡಿನ ಏಂಟ್ರೀಯಲ್ಲಿ ನಡೆದ ಗ್ರ್ಯಾಂಡ್ ನ್ಯಾಷನಲ್ ಎಂಬ ಬೇಲಿ ಹಾರುವ ರೇಸನ್ನು ಮರುದಿನ ಮೊಬೈಲಿನಲ್ಲಿ ಅಪ್ಪನಿಗೆ ತೋರಿಸಿದೆ. ಸುಮಾರು ಏಳು ಕಿಲೋಮೀಟರ್ ದೂರ, 30 ಬೇಲಿಗಳು, 34 ಕುದುರೆಗಳು. ಅಲ್ಲಿ ವೇಗದ ಮಾತು ಆಮೇಲೆ. ಬೀಳದೆ ಉಳಿಯುವುದು ಮೊದಲು. 1967ರಲ್ಲಿ 23ನೆಯ ಬೇಲಿಯ ಬಳಿ ಕುದುರೆಗಳೆಲ್ಲ ಒಂದರ ಮೇಲೊಂದು ಗುಂಪಾದಾಗ, ಹಿಂದೆ ಉಳಿದಿದ್ದ ಫೊಯ್ನಾವನ್ ಎಂಬ ಕುದುರೆ ಸಂದಿಯಲ್ಲಿ ನುಸುಳಿ ಗೆದ್ದಿತು. ಅದರ ದರ ಒಂದಕ್ಕೆ ನೂರು. 1956ರಲ್ಲಿ ರಾಜಮಾತೆಯ ಕುದುರೆ ಎಲ್ಲ ಬೇಲಿ ದಾಟಿ, ಗುರಿಗೆ ಕೆಲವೇ ಗಜಗಳಿರುವಾಗ, ಎದುರಿಗೆ ಏನೂ ಇಲ್ಲದೆ ಕುಸಿಯಿತು. ಇದನ್ನೆಲ್ಲ ಹೇಳಿದಾಗ ಅಪ್ಪ ಆಸೆಯಿಂದ ಕೇಳಿದರು. ಕುದುರೆಗಳನ್ನು ನೋಡಿ ಒಂದನ್ನು ಆರಿಸಿದರು. ಅದು ಹಿಂದೆ ಉಳಿಯಿತು. ಗೆದ್ದದ್ದು ಒಂದಕ್ಕೆ ಮೂವತ್ಮೂರರ ದರದ ನಿಕ್ ರಾಕೆಟ್. ಸವಾರ ಪ್ಯಾಟ್ರಿಕ್ ಮಲಿನ್ಸ್. ತರಬೇತಿ ಕೊಟ್ಟವನು ಅವನ ತಂದೆ ವಿಲ್ಲಿ. ಮಗನ ಗೆಲುವಿಗೆ ಆ ತಂದೆ ಅತ್ತದ್ದನ್ನು ಅಪ್ಪ ಎರಡು ಸಲ ನೋಡಿದರು.

"ಕೊನೇ ಬೇಲಿ ಆದ್ಮೇಲೂ ಎಷ್ಟು ದೂರ ಓಡಿಸ್ತಾರೋ" ಎಂದರು.

"ಸುಮಾರು 450 ಮೀಟರ್ ಅಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತು ನೀನು ಕಾಸು ಕೊಡಬಾರದಿತ್ತು ಕಣೋ" ಎಂದರು.

"ನೀವು ಕೇಳಬಾರದಿತ್ತು ಅಪ್ಪ."

ಒಳಗಿನಿಂದ ಅವ್ವನ ದನಿ ಬಂತು: "ದುಡ್ಡು ಕಟ್ಟಿಲ್ಲ ತಾನೇ?"

ಈಗಲೂ ಅಪ್ಪನ ಕಣ್ಣಿನ ತಪಾಸಣೆಗೆ ಮೂವರೂ ಊಟಿಗೆ ಹೋಗುವುದುಂಟು. ರೇಸ್‌ಕೋರ್ಸಿನ ಬೇಲಿಯ ಪಕ್ಕದಲ್ಲೇ ಬಸ್ಸು ಇಳಿಯುತ್ತೇವೆ. ಹಿಂದಿರುಗುವ ಬಸ್ಸಿನ ಕಾಸನ್ನು ಅವ್ವ ತನ್ನ ಸೆರಗಿನ ಗಂಟಿನಲ್ಲಿ ಇಟ್ಟುಕೊಳ್ಳುತ್ತಾಳೆ. ನಮ್ಮಿಬ್ಬರಲ್ಲಿ ಯಾರ ಕೈಗೂ ಕೊಡುವುದಿಲ್ಲ.