ದಿನಕ್ಕೆ ಎರಡು ಸಲ ಕಾಣುವ ನೆಲ



ನಮ್ಮ ಸೀಮೆಯಲ್ಲಿ ಕೆಸರು ಕಂಡರೆ ಎರಡೇ ಅರ್ಥ. ಒಂದು, ಮಳೆ ಬಂದಿದೆ. ಇಲ್ಲವೇ, ಕೆರೆ ಬತ್ತುತ್ತಾ ಇದೆ. ಬತ್ತಿದ ಕೆರೆಯ ಕೆಸರು ಒಣಗಿ, ಬಿರುಕು ಬಿಟ್ಟು, ಹಪ್ಪಳದ ಹಾಗೆ ಅಂಚು ಮೇಲೆದ್ದು ನಿಲ್ಲುವುದನ್ನು ನಾವೆಲ್ಲಾ ನೋಡಿದ್ದೇವೆ. ಆಮೇಲೆ ಮಳೆಗಾಲಕ್ಕೆ ಕಾಯಬೇಕು. ಮಳೆ ಕೈಕೊಟ್ಟರೆ ಮತ್ತೂ ಒಂದೆರಡು ವರ್ಷ ಕಾಯಬೇಕು. ಆದರೆ ದಿನಕ್ಕೆ ಎರಡು ಸಲ ಬತ್ತಿ, ಎರಡು ಸಲ ತುಂಬುವ ಒಂದು ಜಾಗ ಇದೆ ಅಂದರೆ ನಂಬುತ್ತೀರಾ? ಅದನ್ನು ನಾನು ಹೋದ ಜನವರಿಯಲ್ಲಿ ನೋಡಿ ಬಂದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸೋದರಮಾವ ಕುಮಟಾದಲ್ಲಿ ಬಸ್ ಡ್ರೈವರ್. ಅವರ ಮನೆಗೆ ಅವ್ವನ ಜೊತೆ ನಾಲ್ಕು ದಿನಕ್ಕೆ ಹೋಗಿದ್ದೆ. ಚಿತ್ರದುರ್ಗದಿಂದ ಶಿವಮೊಗ್ಗ, ಸಾಗರ, ಅಲ್ಲಿಂದ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ, ಆಮೇಲೆ ಕುಮಟಾ. ಘಟ್ಟ ಇಳಿದ ಮೇಲೆ ಬಸ್ಸಿನ ಕಿಟಕಿಯಲ್ಲಿ ಶರಾವತಿ ಹೊಳೆ ಬಹಳ ಹೊತ್ತು ನಮ್ಮ ಜೊತೆಗೇ ಬಂತು. ಜನವರಿ ತಿಂಗಳಲ್ಲೂ ಅಷ್ಟು ನೀರು! ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಕುಮಟಾಕ್ಕೆ 3,500 ಮಿಲಿಮೀಟರಿಗೂ ಹೆಚ್ಚು. ನಮ್ಮ ಆರು ವರ್ಷದ ಮಳೆ ಅವರಿಗೆ ಒಂದೇ ವರ್ಷದಲ್ಲಿ ಬೀಳುತ್ತದೆ.

ಕುಮಟಾದ ಹತ್ತಿರ ಹರಿಯುವ ಹೊಳೆ ಅಘನಾಶಿನಿ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಅಘನಾಶಿನಿ ಮತ್ತು ತದಡಿ ಎಂಬ ಎರಡು ಊರುಗಳ ನಡುವೆ ಅರಬ್ಬೀ ಸಮುದ್ರ ಸೇರುತ್ತದೆ. ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಹೊಳೆ ಸಮುದ್ರ ಸೇರುವ ಅಗಲವಾದ ಜಾಗಕ್ಕೆ ಅಳಿವೆ ಅಂತಾರೆ. ಸಮುದ್ರ ಉಬ್ಬಿದಾಗ ಉಪ್ಪುನೀರು ಅಳಿವೆಯ ಒಳಗೆ ನುಗ್ಗುತ್ತದೆ. ಇಳಿದಾಗ ವಾಪಸ್ ಹೋಗುತ್ತದೆ. ಇದನ್ನು ಅಲ್ಲಿಯವರು ಭರತ, ಇಳಿತ ಅನ್ನುತ್ತಾರೆ.

ಭರತ ಇಳಿತಕ್ಕೆ ಚಂದ್ರ ಮತ್ತು ಸೂರ್ಯನ ಸೆಳೆತ ಕಾರಣ ಅಂತ ಪಾಠದಲ್ಲಿ ಓದಿದ್ದೇವೆ. ಒಂದು ಇಳಿತಕ್ಕೂ ಇನ್ನೊಂದಕ್ಕೂ ಸುಮಾರು 12 ಗಂಟೆ 25 ನಿಮಿಷ. ಅದಕ್ಕೇ ಇವತ್ತಿನ ಇಳಿತಕ್ಕಿಂತ ನಾಳೆಯದು 50 ನಿಮಿಷದಷ್ಟು ತಡ. ಮಾವನ ಮನೆ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರು ಗಡಿಯಾರ ನೋಡುವುದೇ ಇಲ್ಲ. "ಇವತ್ತು ಅಮಾಸೆ ಮಾರನೇ ದಿನ, ನಾಲ್ಕು ಗಂಟೆ ಹೊತ್ತಿಗೆ ನೀರು ಚೆನ್ನಾಗಿ ಇಳೀತದೆ" ಅಂದರು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಚಂದ್ರ ಸೂರ್ಯ ಇಬ್ಬರೂ ಒಂದೇ ಸಾಲಿನಲ್ಲಿ ಎಳೆಯುವುದರಿಂದ ಭರತವೂ ಜಾಸ್ತಿ, ಇಳಿತವೂ ಜಾಸ್ತಿ. ಅಜ್ಜಿಗೆ ಇದು ಪಂಚಾಂಗದಲ್ಲೇ ಗೊತ್ತು.

ಮಧ್ಯಾಹ್ನ ಮೂರಕ್ಕೆ ಹೆಗಡೆ ಊರಿನ ಕಡೆಯಿಂದ ಹೊಳೆ ದಂಡೆಗೆ ಹೋದ್ವಿ. ಹೋದಾಗ ಬರೀ ನೀರು. ನೋಡ್ತಾ ನೋಡ್ತಾ ಇದ್ದ ಹಾಗೇ ಅಲ್ಲೊಂದು ಇಲ್ಲೊಂದು ಕಪ್ಪು ಬೆನ್ನು ಎದ್ದಿತು. ಆಮೇಲೆ ಬೆನ್ನುಗಳೆಲ್ಲಾ ಕೂಡಿಕೊಂಡು ಒಂದು ದೊಡ್ಡ ಬಯಲೇ ಆಯಿತು! ಯಾರೋ ಚಾಪೆ ಬಿಚ್ಚಿ ಹಾಸಿದ ಹಾಗೆ. ಇಷ್ಟು ಹೊತ್ತು ದೋಣಿ ಹೋಗುತ್ತಿದ್ದ ಜಾಗದಲ್ಲಿ ಈಗ ಬೆಳ್ಳಕ್ಕಿ ನಡೆಯುತ್ತಿತ್ತು.

ಅಜ್ಜಿ "ಬಾ ತಂಗಿ, ಹೆದರಬೇಡ, ನನ್ನ ಹೆಜ್ಜೆ ಮೇಲೇ ಕಾಲಿಡು" ಅಂದರು. ಕಾಲು ಮೊಣಕಾಲಿನವರೆಗೂ ಇಳಿಯಿತು. ಕೆಸರಿನ ಮೇಲ್ಗಡೆ ಕಂದು ಬಣ್ಣ, ಒಳಗೆ ಇದ್ದಿಲಿನಂಥ ಕಪ್ಪು. ಕೊಳೆತ ಮೊಟ್ಟೆಯ ವಾಸನೆ ಬಂತು. ಒಳಗಿನ ಕೆಸರಿಗೆ ಗಾಳಿ ಸಿಗದೆ ಇರುವುದರಿಂದ ಅಲ್ಲಿಯ ಸೂಕ್ಷ್ಮಜೀವಿಗಳು ಒಂದು ಅನಿಲ ಬಿಡುತ್ತವೆ, ಅದರ ವಾಸನೆ ಅದು. ಎಲೆ ಕಡ್ಡಿ ಎಲ್ಲಾ ಕೊಳೆತು ಅಲ್ಲೇ ಗೊಬ್ಬರ ಆಗುತ್ತದೆ. ನಮ್ಮ ತಿಪ್ಪೆಗುಂಡಿಯೂ ಇದೇ ಕೆಲಸ ಮಾಡುತ್ತದಲ್ಲವೇ?

ಈಗ ನಾನು ಕಂಡ ಜೀವಿಗಳ ವಿಷಯ ಹೇಳುತ್ತೇನೆ.

ಮೊದಲು ಏಡಿ. ಹೆಬ್ಬೆರಳಿನಷ್ಟು ಏಡಿಗಳು, ಸಾವಿರಾರು. ಗಂಡು ಏಡಿಗೆ ಒಂದು ಕೊಂಡಿ ಸಣ್ಣದು, ಇನ್ನೊಂದು ಅದರ ಮೈಯಷ್ಟೇ ದೊಡ್ಡದು. ಆ ದೊಡ್ಡ ಕೊಂಡಿಯನ್ನು ಎತ್ತಿ ಎತ್ತಿ ಬೀಸುತ್ತದೆ, ಹೆಣ್ಣನ್ನು ಕರೆಯುವುದಕ್ಕೆ. ನಾವು ಒಂದು ಹೆಜ್ಜೆ ಇಟ್ಟರೆ ಸಾಕು, ಎಲ್ಲವೂ ಒಂದೇ ಸಲ ಬಿಲದೊಳಗೆ ಮಾಯ. ಗುರುಗಳು ಬಂದಾಗ ನಮ್ಮ ತರಗತಿ ಆದ ಹಾಗೆ!

ಎರಡನೆಯದು ನೆಲದ ಮೇಲೆ ನಡೆಯುವ ಮೀನು. ಸುಳ್ಳಲ್ಲ ಕಣ್ರೋ. ಬೆರಳುದ್ದ ಇರುತ್ತದೆ, ಕಣ್ಣು ಕಪ್ಪೆಯ ಹಾಗೆ ತಲೆ ಮೇಲೆ. ಮುಂದಿನ ಎರಡು ರೆಕ್ಕೆ ಊರಿಕೊಂಡು ತೆವಳುತ್ತದೆ, ಬಾಲ ಬಡಿದು ಜಿಗಿಯುತ್ತದೆ. ಕಿವಿರಿನ ಪಕ್ಕ ನೀರು ತುಂಬಿಕೊಂಡಿರುತ್ತದೆ, ಒದ್ದೆ ಚರ್ಮದಿಂದಲೂ ಉಸಿರಾಡುತ್ತದೆ. ಅದಕ್ಕೇ ಅದು ಮೈ ಒಣಗದ ಹಾಗೆ ಆಗಾಗ ಕೆಸರಿನಲ್ಲಿ ಹೊರಳುತ್ತದೆ.

ಮೂರನೆಯದು ಕಾಂಡ್ಲಾ ಗಿಡಗಳು. ಕೆಲವಕ್ಕೆ ಬೇರು ಕಾಂಡದಿಂದಲೇ ಹೊರಟು ಗುಡಿಸಲಿನ ಕಂಬಗಳ ಹಾಗೆ ಕೆಸರಿಗೆ ಊರಿಕೊಂಡಿವೆ. ಇನ್ನು ಕೆಲವಕ್ಕೆ ಬೇರು ನೆಲದಿಂದ ಮೇಲಕ್ಕೆ, ಪೆನ್ಸಿಲ್ ನೆಟ್ಟ ಹಾಗೆ. ಕೆಸರಿನೊಳಗೆ ಗಾಳಿ ಇಲ್ಲವಲ್ಲ, ಆದ್ದರಿಂದ ಬೇರೇ ಹೊರಗೆ ಬಂದು ಉಸಿರಾಡುತ್ತದೆ. ಈ ಬೇರುಗಳ ಸಂದಿಯಲ್ಲಿ ಸಿಗಡಿ ಮತ್ತು ಮೀನಿನ ಮರಿಗಳು ದೊಡ್ಡ ಮೀನಿನಿಂದ ತಪ್ಪಿಸಿಕೊಂಡು ಬೆಳೆಯುತ್ತವೆ.

ನಾಲ್ಕನೆಯದು ಬಳಚು. ಎರಡು ಚಿಪ್ಪಿನ ನಡುವೆ ಇರುವ ಮೆತ್ತಗಿನ ಜೀವಿ. ಕೆಸರಿನಲ್ಲಿ ಹೂತುಕೊಂಡು ನೀರನ್ನು ಒಳಗೆ ಎಳೆದು, ಅದರಲ್ಲಿಯ ಆಹಾರ ಸೋಸಿಕೊಂಡು, ನೀರನ್ನು ಹೊರಗೆ ಬಿಡುತ್ತದೆ. ಅಜ್ಜಿ ಬಗ್ಗಿ ನೋಡದೆ ಪಾದದಿಂದಲೇ ಅದನ್ನು ಹುಡುಕುತ್ತಿದ್ದರು. "ಇಲ್ಲಿ ಕಾಲಲ್ಲೇ ಕಣ್ಣಿರಬೇಕು ತಂಗಿ" ಅಂದರು. ಸುತ್ತಲೂ ಹತ್ತಾರು ಹೆಂಗಸರು ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಆರಿಸುತ್ತಿದ್ದರು. ಇದಕ್ಕೆ ಬಿತ್ತನೆ ಇಲ್ಲ, ಗೊಬ್ಬರ ಇಲ್ಲ, ಸಾಲ ಇಲ್ಲ. ಮನೆಗೆ ಸಾರು, ಉಳಿದದ್ದು ಸಂತೆಗೆ. ಚಿಪ್ಪು ಸುಟ್ಟರೆ ಸುಣ್ಣ.

ಮಾರನೇ ದಿನ ಗಜನಿ ನೋಡಿದೆ. ಅಳಿವೆಯ ಅಂಚಿನ ತಗ್ಗು ಗದ್ದೆಗೆ ಗಜನಿ ಎಂದು ಹೆಸರು. ನಮ್ಮ ಕೆರೆ ಏರಿಯಂಥ ಮಣ್ಣಿನ ಕಟ್ಟೆ, ಅದಕ್ಕೆ ತೂಬಿನ ಹಾಗೆ ಹಲಗೆಯ ಬಾಗಿಲು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಎತ್ತರವಾಗಿ ಬೆಳೆಯುವ, ಸ್ವಲ್ಪ ಉಪ್ಪನ್ನೂ ನೆರೆಯನ್ನೂ ತಡೆಯುವ ತಳಿ ಅದು. ಮಾಣಿಕಟ್ಟಾ ಊರಿನವರು ಇದನ್ನು ಇನ್ನೂ ಉಳಿಸಿಕೊಂಡಿದ್ದಾರೆ. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಕೂಳೆ ಕೊಳೆತು ಮೀನಿಗೆ ಆಹಾರ, ಮೀನಿನ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಆಚೆ ದಡದಲ್ಲಿ ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳೂ ಇವೆ. ಒಂದೇ ನೀರು ಭತ್ತ, ಮೀನು, ಬಳಚು, ಉಪ್ಪು ನಾಲ್ಕನ್ನೂ ಕೊಡುತ್ತದೆ.

ಗೆಳೆಯರೇ, ಇಷ್ಟೆಲ್ಲಾ ಬರೆದದ್ದಕ್ಕೆ ಒಂದು ಕಾರಣವಿದೆ. ಅಘನಾಶಿನಿಯ ನೀರನ್ನು ಮೇಲಕ್ಕೆ ಎತ್ತಿ ನಮ್ಮ ಜಿಲ್ಲೆಯ ವೇದಾವತಿಗೆ, ಅಂದರೆ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ತರಬೇಕು ಎಂಬ ಪ್ರಸ್ತಾಪ ಇದೆ. ಉತ್ತರ ಕನ್ನಡದಲ್ಲಿ ಅದಕ್ಕೆ ವಿರೋಧವೂ ಇದೆ. ನಮ್ಮ ಕಟ್ಟೆ ಮೇಲೆ ಕೂತವರು ಇದರ ಬಗ್ಗೆ ಮಾತಾಡುವಾಗ ಒಂದು ಮಾತು ತಪ್ಪದೆ ಬರುತ್ತದೆ: "ಸಮುದ್ರಕ್ಕೆ ಹೋಗಿ ದಂಡ ಆಗೋ ನೀರು ತಾನೆ, ನಮಗೆ ಕೊಟ್ರೇನು?"

ನಮಗೆ ನೀರು ಬೇಡ ಎಂದು ನಾನು ಹೇಳುವುದಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಬೋರ್‌ವೆಲ್ ಕೊರೆಸಿ ಕೊರೆಸಿ ಸಾಲ ಮಾಡಿಕೊಂಡವರು, ಅಡಿಕೆ ತೋಟ ಉಳಿಸಲು ಟ್ಯಾಂಕರಿನಲ್ಲಿ ನೀರು ಹೊಡೆಸಿದವರು ನಮ್ಮ ನಮ್ಮ ಮನೆಗಳಲ್ಲೇ ಇದ್ದಾರೆ. ನಮ್ಮ ಬಾಯಾರಿಕೆ ಸುಳ್ಳಲ್ಲ.

ಆದರೆ "ದಂಡ" ಎಂಬ ಮಾತು ಮಾತ್ರ ಸರಿಯಲ್ಲ. ಹೊಳೆಯ ಸಿಹಿನೀರು, ಅದು ಘಟ್ಟದಿಂದ ಹೊತ್ತು ತರುವ ಮಣ್ಣು ಮತ್ತು ಎಲೆಗೊಬ್ಬರ ಬಂದು ಉಪ್ಪುನೀರಿಗೆ ಸೇರುವುದರಿಂದಲೇ ಆ ಬಯಲು ಬದುಕಿದೆ. ಎರಡರ ಅಳತೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಶರಾವತಿಯೇ ಸಾಕ್ಷಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಕರೆಂಟು ತೆಗೆದು ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಬರುತ್ತಾ ಇರುವುದರಿಂದ ಅಲ್ಲಿ ಉಪ್ಪು ಕಡಿಮೆಯಾಗಿ ಬಳಚು ಬಹಳ ಕಡಿಮೆಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಹೊಳೆಗಳನ್ನು ಅಧ್ಯಯನ ಮಾಡಿದ್ದಾರೆ. ಬಸ್ಸಿನಲ್ಲಿ ನನಗೆ ತುಂಬಿದ ಹಾಗೆ ಕಂಡ ಹೊಳೆ ಬಳಚು ಆರಿಸುವವರ ಪಾಲಿಗೆ ಬರಿದಾಗಿದೆ. ಸಿಹಿನೀರು ಹೆಚ್ಚಾದರೆ ಹೀಗೆ. ಕಡಿಮೆಯಾದರೆ ಗಜನಿಯ ಉಪ್ಪು ತೊಳೆಯುವವರು ಯಾರು?

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜಾಗವನ್ನು ರಾಮ್ಸಾರ್ ಪಟ್ಟಿಗೆ, ಅಂದರೆ ಪ್ರಪಂಚದ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿಸಿದರು. ಅದೇ ಸಲ ಗದಗ ಜಿಲ್ಲೆಯ ಮಾಗಡಿ ಕೆರೆಯನ್ನೂ ವಿಜಯನಗರ ಜಿಲ್ಲೆಯ ಅಂಕಸಮುದ್ರವನ್ನೂ ಸೇರಿಸಿದರು. ಅವೆರಡೂ ನಮ್ಮಂಥ ಬಯಲುಸೀಮೆಯ ಕೆರೆಗಳೇ. ಅಳಿವೆಗೂ ಕೆರೆಗೂ ಒಂದೇ ಪಟ್ಟಿಯಲ್ಲಿ ಸಮನಾದ ಜಾಗ ಸಿಕ್ಕಿದ್ದು ನನಗೆ ಸಂತೋಷ ಆಯಿತು.

ನಮ್ಮ ಹತ್ತಿರ ಭೀಮಸಮುದ್ರದಂಥ ದೊಡ್ಡ ಕೆರೆ ಇದೆ, ಊರೂರಿಗೆ ಸಣ್ಣ ಕೆರೆಗಳಿವೆ. ಮೊದಲು ಅವುಗಳ ಹೂಳು ತೆಗೆದು, ಹಳ್ಳದ ದಾರಿ ಬಿಡಿಸಿ, ನಮ್ಮ 600 ಮಿಲಿಮೀಟರ್ ಮಳೆಯನ್ನು ಸರಿಯಾಗಿ ಹಿಡಿದುಕೊಳ್ಳೋಣ. ಆಮೇಲೂ ಹೊರಗಿನ ನೀರು ಬೇಕಾದರೆ ಕೇಳೋಣ. ಕೇಳುವಾಗ ಅಲ್ಲಿ ಮೊಣಕಾಲು ಕೆಸರಿನಲ್ಲಿ ನಿಂತ ಅಜ್ಜಿಯರ ಲೆಕ್ಕವನ್ನೂ ಹಿಡಿದು ಕೇಳೋಣ. ಭೂಪಟದಲ್ಲಿ ನದಿಯ ನೀಲಿ ಗೆರೆ ಸಮುದ್ರದ ಹತ್ತಿರ ನಿಂತುಬಿಡುತ್ತದೆ, ಆದರೆ ನದಿಯ ಕೆಲಸ ಅಲ್ಲಿ ಮುಗಿಯುವುದಿಲ್ಲ.

ಅಜ್ಜಿ ಕೊಟ್ಟ ಆರು ಬಳಚಿನ ಚಿಪ್ಪುಗಳನ್ನು ನಮ್ಮ ವಿಜ್ಞಾನದ ಕಪಾಟಿನ ಎರಡನೇ ಅರೆಯಲ್ಲಿ ಇಟ್ಟಿದ್ದೇನೆ. ಬೇಕಾದವರು ಮುಟ್ಟಿ ನೋಡಬಹುದು. ಒಳಗಡೆ ನುಣುಪು, ಹೊರಗಡೆ ಗೆರೆ ಗೆರೆ. ಚಿಪ್ಪು ಬೆಳೆದ ಹಾಗೆ ಆ ಗೆರೆಗಳು ಒಂದೊಂದಾಗಿ ಸೇರುತ್ತಾ ಹೋಗುತ್ತವೆ. ಎಣಿಸಿದವರು ನನಗೂ ಹೇಳಿ.

— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ, ಹಿರೇಗುಂಟನೂರು